ವಂಡರ್‌ಲಾಕ್ಕೆ ಹೊರಟಿರಾ? ಒಂದೇ ಸಲ ಒದ್ದೆಯಾಗಿ

ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೊರಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಟಿಕೆಟ್‌ಗೆ ಡಿಸ್ಕೌಂಟ್ ಎಲ್ಲಿ ಸಿಗುತ್ತೆ? ನೀರಿಗೆ ಎಷ್ಟು ಹೊತ್ತಿಗೆ ಇಳಿಯಬೇಕು ಅಂತ ಯಾರೂ ಕೇಳುವುದಿಲ್ಲ. ದಿನ ಕೆಡುವುದು ಅಲ್ಲೇ. ಗೇಟು ದಾಟುತ್ತಲೇ ಮಕ್ಕಳು ಎಳೆದತ್ತ ನುಗ್ಗುತ್ತಾರೆ, ನೀರು ಚಿಮ್ಮುವ ಯಾವುದೋ ಆಟದಲ್ಲಿ ತೊಪ್ಪೆಯಾಗುತ್ತಾರೆ, ಆಮೇಲೆ ಒದ್ದೆ ಜೀನ್ಸಿನಲ್ಲೇ ರೋಲರ್ ಕೋಸ್ಟರ್ ಸಾಲಿನಲ್ಲಿ ನಿಲ್ಲುತ್ತಾರೆ. ಊಟಕ್ಕೆ ಮುಂಚೆ ಬಟ್ಟೆ ಬದಲಾವಣೆ, ಊಟದ ಮೇಲೆ ಮತ್ತೆ ನೀರು, ಮತ್ತೆ ಲಾಕರ್, ಮತ್ತೆ ಬಟ್ಟೆ. ಮೂರು ಗಂಟೆಗೆಲ್ಲ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ.

ಹಾಗಾಗಿ ಇಡೀ ದಿನಕ್ಕೆ ಒಂದು ನಿಯಮ ಇಟ್ಟುಕೊಳ್ಳಿ: ಮೊದಲು ಒಣ ಆಟ, ಆಮೇಲೆ ನೀರು, ಆಮೇಲೆ ಮನೆ. ಬಟ್ಟೆ ಬದಲಾಯಿಸುವುದು ನೀರಿಗೆ ಇಳಿಯುವಾಗ ಒಮ್ಮೆ, ನೀರಿನಿಂದ ಎದ್ದಾಗ ಒಮ್ಮೆ. ಕೆಳಗಿನ ಹಂತಗಳೆಲ್ಲ ಇದೊಂದನ್ನು ಉಳಿಸಿಕೊಳ್ಳುವುದಕ್ಕೆ. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೆ ಹೋಗುವವರಿಗೂ ಬಹುಪಾಲು ಇದೇ ಲೆಕ್ಕ.

1. ದಿನ ಆರಿಸಿ

ಭಾನುವಾರ ಬೇಡ, ಎರಡನೇ ಶನಿವಾರ ಬೇಡ, ದಸರಾ ರಜೆ ಬೇಡ, ಪರೀಕ್ಷೆ ಮುಗಿದ ಏಪ್ರಿಲ್–ಮೇ ಅಂತೂ ಬೇಡವೇ ಬೇಡ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ: ವಾರದ ದಿನ ಅಂದ ಮಾತ್ರಕ್ಕೆ ಪಾರ್ಕು ಖಾಲಿ ಇರುವುದಿಲ್ಲ. ನವೆಂಬರ್ ಕಳೆದು ಚಳಿ ಬಿದ್ದರೆ ಶಾಲಾ ಪ್ರವಾಸದ ಕಾಲ. ರಾಜ್ಯದ ಯಾವ್ಯಾವುದೋ ಮೂಲೆಯಿಂದ ರಾತ್ರಿಯಿಡೀ ಓಡಿಬಂದ ಬಸ್ಸುಗಳು ಬೆಳಗ್ಗೆಯೇ ಸಾಲಾಗಿ ನಿಂತಿರುತ್ತವೆ. ಶುಕ್ರವಾರ ಐಟಿ ಕಂಪನಿಗಳ ಟೀಮ್ ಔಟಿಂಗ್ ಇರುತ್ತದೆ. ನನ್ನನ್ನು ಕೇಳಿದರೆ ಶಾಲೆ ಶುರುವಾದ ಮೇಲೆ ಜೂನ್ ಕೊನೆಯ ಅಥವಾ ಜುಲೈನ ಮಂಗಳವಾರ, ಬುಧವಾರವೇ ಸರಿ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಿ, ಏನೂ ಮುಳುಗುವುದಿಲ್ಲ. ಬಿಡದಿ ಕಡೆ ಆಗ ಜಿಟಿಜಿಟಿ ಮಳೆ ಬರಬಹುದು, ಗುಡುಗು ಮಿಂಚಿದ್ದರೆ ಎತ್ತರದ ಆಟಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಆದರೂ ಬೇಸಿಗೆಯ ಸಾಲಿಗಿಂತ ಅದು ಎಷ್ಟೋ ವಾಸಿ.

2. ಟಿಕೆಟ್

ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಕಾಲೇಜಿನ ಐಡಿ ಕಾರ್ಡ್ ಇದ್ದರೆ ರಿಯಾಯಿತಿ ಇದೆಯೇ ನೋಡಿ. ಅಷ್ಟೇ.

3. ಮನೆಯಲ್ಲೇ ಮಕ್ಕಳ ಎತ್ತರ ಅಳೆಯಿರಿ

ಬಾಗಿಲ ಚೌಕಟ್ಟಿಗೆ ಬರಿಗಾಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಇಲ್ಲಿ ಮಕ್ಕಳ ಟಿಕೆಟ್ಟಿಗೂ ಎತ್ತರವೇ ಲೆಕ್ಕ, ವಯಸ್ಸಲ್ಲ. 85 ಸೆಂ.ಮೀ.ಗಿಂತ ಕುಳ್ಳಗಿದ್ದರೆ ಉಚಿತ, 140ರವರೆಗೆ ಮಕ್ಕಳ ದರ. ಮೈ ಜುಮ್ಮೆನ್ನಿಸುವ ದೊಡ್ಡ ರೈಡ್‌ಗಳಲ್ಲಿ ಬಹಳಷ್ಟಕ್ಕೆ ಅದೇ 140 ಬೇಕು. 136 ಇರುವ ಹುಡುಗ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಕೊನೆಗೆ ಅಳತೆ ಕೋಲಿನ ಮುಂದೆ ಅಳುತ್ತಾ ವಾಪಸ್ ಬರುವುದನ್ನು ಯಾವ ರಜಾದಿನ ಹೋದರೂ ನೋಡಬಹುದು. ಹಿಂದಿನ ರಾತ್ರಿಯೇ ಹೇಳಿಬಿಡಿ: ಇದು ನಿನಗಿಲ್ಲ, ಇದು ಇದೆ. ಅಳು ಮನೆಯಲ್ಲೇ ಮುಗಿಯಲಿ.

ದಪ್ಪ ಹಿಮ್ಮಡಿಯ ಶೂ ಹಾಕಿಸಿ ನಾಲ್ಕು ಸೆಂ.ಮೀ. ಗಿಟ್ಟಿಸುವ ಅಪ್ಪಂದಿರೂ ಇದ್ದಾರೆ. ಭುಜ, ತೊಡೆಗಳ ಮೇಲೆ ಕೂರುವ ಆ ಕಬ್ಬಿಣದ ಪಟ್ಟಿಗಳನ್ನು ಮೈಯ ಅಳತೆ ನೋಡಿ ಮಾಡಿರುತ್ತಾರೆ. ಶೂ ಎತ್ತರವಾದರೆ ಹೆಗಲು ಎತ್ತರವಾಗುವುದಿಲ್ಲ. ಈ ವಿಷಯದಲ್ಲಿ ಗೇಟಿನ ಹುಡುಗನ ಜತೆ ಜಗಳಕ್ಕೆ ನಿಲ್ಲಬೇಡಿ.

4. ದಾರಿ ಮತ್ತು ತಿಂಡಿ

ಬೆಂಗಳೂರಿನಿಂದ 28 ಕಿ.ಮೀ. ಎಂದು ನಂಬಿಕೊಂಡು ಹತ್ತು ಗಂಟೆಗೆ ಜಯನಗರ ಬಿಡಬೇಡಿ. ಕೆಂಗೇರಿ, ಕುಂಬಳಗೋಡು ದಾಟುವಷ್ಟರಲ್ಲೇ ಅರ್ಧ ಉತ್ಸಾಹ ಇಳಿದಿರುತ್ತದೆ. ಕಾರಿನವರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥ ಹತ್ತುವ ಆಸೆ ಬಿಟ್ಟು ಸರ್ವಿಸ್ ರಸ್ತೆಯಲ್ಲೇ ಹೋಗಿ, ಮೇಲೆ ಹತ್ತಿದರೆ ಬೇಕೆಂದ ಕಡೆ ಇಳಿಯಲು ಬರುವುದಿಲ್ಲ. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಮುಖ್ಯ ಪಥವೇ ನಿಷಿದ್ಧ. ಕಾರಿಲ್ಲದವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಕೆಂಗೇರಿಗೋ ಚಲ್ಲಘಟ್ಟಕ್ಕೋ ಬಂದು, ಅಲ್ಲಿಂದ ಬಸ್ಸೋ ಆಟೊವೋ ಹಿಡಿಯುವುದು ಲೇಸು.

ಬಿಡದಿಯ ತಟ್ಟೆ ಇಡ್ಲಿ ತಿನ್ನದೆ ಹೋಗುವುದುಂಟೇ? ತಿನ್ನಿ, ಆದರೆ ಗೇಟು ತೆರೆಯುವುದಕ್ಕೆ ಎರಡು ಗಂಟೆ ಮುಂಚೆ. ಬೆಣ್ಣೆ ಬೇಕಾದರೆ ಹಾಕಿಸಿಕೊಳ್ಳಿ, ವಡೆ ಬೇಡ. ಎಣ್ಣೆ ಕುಡಿದ ವಡೆ ರೋಲರ್ ಕೋಸ್ಟರ್ ಹತ್ತಿದ ಮೇಲೆ ಎಲ್ಲಿಂದ ಬಂತೋ ಅಲ್ಲಿಗೇ ಹೊರಡುತ್ತದೆ. ಹೊರಗಿನ ಊಟವನ್ನು ಪಾರ್ಕಿನ ಒಳಗೆ ಬಿಡುವುದಿಲ್ಲ. ಪುಳಿಯೋಗರೆ ಡಬ್ಬಿಯನ್ನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟು ತಪಾಸಣೆಯಲ್ಲಿ ಸಿಕ್ಕಿಬೀಳುವ ಮುಜುಗರ ಬೇಡ. ಹಸುಗೂಸಿನ ಆಹಾರಕ್ಕೆ ಅಡ್ಡಿಯಿಲ್ಲ.

5. ಮೊದಲ ಒಂದೂವರೆ ಗಂಟೆ: ಒಣ ಆಟ, ದೊಡ್ಡದೇ ಮೊದಲು

2005ರಲ್ಲಿ ತೆರೆದ ಈ ಪಾರ್ಕಿಗೆ 82 ಎಕರೆ. ಎಲ್ಲ ಆಟವನ್ನೂ ಮುಗಿಸುತ್ತೇನೆ ಎಂಬ ಹಟ ಬಿಡಿ. ಒಣ ಆಟಗಳು ಮೊದಲು ತೆರೆಯುತ್ತವೆ, ನೀರಿನವು ಮಧ್ಯಾಹ್ನದ ಹೊತ್ತಿಗೆ. ಒಳಗೆ ಬಂದವರು ಬಾಗಿಲ ಹತ್ತಿರದ ಆಟಕ್ಕೇ ಮುಗಿಬೀಳುತ್ತಾರೆ. ನೀವು ಅದನ್ನು ಬಿಟ್ಟು ನೇರ ರೀಕಾಯಿಲ್‌ಗೆ ನಡೆಯಿರಿ. ತಲೆಕೆಳಗು ಮಾಡಿ ತಿರುಗಿಸಿ, ಅದೇ ಹಳಿಯಲ್ಲಿ ಹಿಂದುಹಿಂದಕ್ಕೆ ಎಳೆದು ತರುವ ಕೋಸ್ಟರ್ ಅದು. ಹೊಟ್ಟೆ ಹಗುರ, ಸಾಲು ಚಿಕ್ಕದು ಎರಡೂ ಸಿಗುವುದು ಆಗ ಮಾತ್ರ.

ಸಾಲಿಗೆ ಸೇರುವ ಮುಂಚೆ ಒಂದು ಸಣ್ಣ ಗುಣಾಕಾರ ಮಾಡಿ. ಒಂದು ಸುತ್ತಿಗೆ ಎಷ್ಟು ಸೀಟು, ಹತ್ತಿಸಿ ತಿರುಗಿಸಿ ಇಳಿಸಲು ಎಷ್ಟು ನಿಮಿಷ ನೋಡಿ. 20 ಸೀಟು, 5 ನಿಮಿಷ, ಮುಂದೆ 160 ಜನ ಎಂದುಕೊಳ್ಳಿ. ಎಂಟು ಸುತ್ತು, 40 ನಿಮಿಷ. ಸಾಲಿನ ಉದ್ದ ನೋಡಿ ಎದೆಗುಂದುವವರಿಗೆ ಈ ಲೆಕ್ಕ ಆಶ್ಚರ್ಯ ತರುತ್ತದೆ. ಉದ್ದ ಸಾಲಿನ ಆಟ ಕೆಲವೊಮ್ಮೆ ಬೇಗ ಸಾಗುತ್ತದೆ, ಎಂಟೇ ಸೀಟಿನ ಪುಟ್ಟ ಆಟದ ಗಿಡ್ಡ ಸಾಲು ಮುಂದೆ ಹೋಗುವುದೇ ಇಲ್ಲ. ಉದ್ದ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕೇ? ರಜಾದಿನ ಹೋಗಲೇಬೇಕಾದವರು ತೆಗೆದುಕೊಳ್ಳಿ. ಜುಲೈನ ಬುಧವಾರ ತೆಗೆದುಕೊಂಡರೆ ದುಡ್ಡು ದಂಡ.

ತಲೆ ಸುತ್ತುವವರಿಗೆ ಒಂದು ಮಾತು. ಒಳಕಿವಿಯಲ್ಲಿರುವ ದ್ರವ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಎದುರಿನ ಸೀಟನ್ನೇ ದಿಟ್ಟಿಸುತ್ತಿರುವ ಕಣ್ಣು 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಈ ತಗಾದೆಯೇ ವಾಕರಿಕೆ. ಕಣ್ಣು ಮುಚ್ಚಿಕೊಳ್ಳುವ ಬದಲು ದೂರದ, ಅಲುಗಾಡದ ಏನನ್ನಾದರೂ ನೋಡಿ. ಒಂದೇ ಕಡೆ ಗಿರಕಿ ಹೊಡೆಯುವ ಎರಡು ಆಟಗಳನ್ನು ಬೆನ್ನುಬೆನ್ನಿಗೆ ಹತ್ತಬೇಡಿ. ವಾಂತಿ ತಡೆಯುವ ಮಾತ್ರೆಗಳು ನಿದ್ದೆ ತರಿಸುತ್ತವೆ, ಕಾರು ಓಡಿಸುವವರು ಅವನ್ನು ಮುಟ್ಟಬಾರದು.

6. ಬೇಗ ಊಟ

ಎಲ್ಲರಿಗೂ ಹಸಿವಾಗುವ ಮುಂಚೆ, ಹನ್ನೆರಡೂಕಾಲಿಗೇ ಕೂತುಬಿಡಿ. ಮೊಸರನ್ನ ಸಾಕು. ಊಟದ ಮೇಲೆ ಸ್ಕೈ ವ್ಹೀಲ್‌ನಂಥ ಮೆಲ್ಲಗಿನ ಆಟಗಳು. ಚಳಿಗಾಲವಾದರೆ ಒಂದು ಗಂಟೆಗೇ ನೀರಿಗೆ ಹೊರಡಿ, ನಾಲ್ಕರ ಮೇಲೆ ಗಾಳಿ ತಣ್ಣಗಾಗಿ ಮಕ್ಕಳ ತುಟಿ ನೀಲಿಯಾಗುತ್ತದೆ. ಬೇಸಿಗೆಯಾದರೆ ಎರಡಾದ ಮೇಲೆ.

7. ನೀರಿಗೆ ಇಳಿಯುವುದು

ಬೇರೆ ಯಾವ ಹಂತ ತಪ್ಪಿದರೂ ಸುಧಾರಿಸಿಕೊಳ್ಳಬಹುದು, ಇದನ್ನು ಮಾತ್ರ ನಿಧಾನವಾಗಿ ಓದಿ.

ಬಟ್ಟೆಯಿಂದ ಶುರು ಮಾಡೋಣ. ಕಾಟನ್ ಬಿಡುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಇದು ಅಂಗಡಿ ವ್ಯಾಪಾರದ ಕುತಂತ್ರ ಎಂದು ಗೊಣಗುವವರೇ ಹೆಚ್ಚು. ಆದರೆ ಹತ್ತಿ ನೀರು ಕುಡಿದು ಭಾರವಾಗುತ್ತದೆ, ಮೈಗೆ ಸುತ್ತಿಕೊಳ್ಳುತ್ತದೆ, ಅದರ ಎಳೆಗಳು ಉದುರಿ ಫಿಲ್ಟರ್‌ಗೆ ಕಟ್ಟಿಕೊಳ್ಳುತ್ತವೆ. ಜೀನ್ಸಿನ ಗುಂಡಿ, ಜಿಪ್ಪು ಜಾರುಬಂಡೆಯ ಮೇಲ್ಮೈಯನ್ನೇ ಗೀರುತ್ತವೆ. ಸೀರೆ, ಚೂಡಿದಾರ್ ಕೂಡ ನಡೆಯುವುದಿಲ್ಲ. ಹೆಂಗಸರಿಗೆ ನೈಲಾನ್ ಲೆಗ್ಗಿಂಗ್ಸ್, ಮೇಲೊಂದು ತೋಳಿರುವ ಪಾಲಿಯೆಸ್ಟರ್ ಟಿ-ಶರ್ಟ್ ಅನುಕೂಲ. ಈಜುಡುಗೆಯೇ ಆಗಬೇಕೆಂದಿಲ್ಲ. ಮಗನ ಹಳೆಯ ಫುಟ್‌ಬಾಲ್ ಜರ್ಸಿ ಅಪ್ಪನಿಗೂ ಸಾಕು. ಮನೆಯಲ್ಲೇ ಹುಡುಕಿದರೆ ಅಲ್ಲಿ ಅವಸರದಲ್ಲಿ ದುಡ್ಡು ತೆರುವುದು ತಪ್ಪುತ್ತದೆ.

ಒಡವೆಯನ್ನು ಮನೆಯಲ್ಲೇ ಬಿಡಿ. ಸರ, ಓಲೆ ಬಿಟ್ಟು ಬಂದವರೂ ಉಂಗುರವನ್ನು ಮರೆಯುತ್ತಾರೆ. ತಣ್ಣೀರಿನಲ್ಲಿ ಬೆರಳು ಕುಗ್ಗುತ್ತದೆ, ವರ್ಷಗಟ್ಟಲೆ ಕೀಳಲು ಬಾರದ ಮದುವೆ ಉಂಗುರವೂ ಜಾರಿಹೋದೀತು. ಸಾವಿರಾರು ಕಾಲುಗಳ ಕೆಳಗಿನ ಆ ಕೊಳದಲ್ಲಿ ಅದನ್ನು ಹುಡುಕಿಕೊಡುವವರು ಯಾರು?

ಕನ್ನಡಕದವರು ಹಳೆಯ ಜೋಡಿ ತನ್ನಿ, ಹಿಂದೆ ದಾರ ಕಟ್ಟಿ. ಜಾರುಬಂಡೆಯ ಮೇಲೆ ಹೋಗುವಾಗ ಅದನ್ನೂ ಕೆಳಗಿರುವವರ ಕೈಗೆ ಕೊಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನೀರಿಗೆ ಇಳಿಯಲೇಬೇಡಿ.

ಫೋನಿನ ಪೌಚು. ಫುಟ್‌ಪಾತಿನಲ್ಲಿ ನೇತುಹಾಕಿ ಮಾರುವ ಪಾರದರ್ಶಕ ಚೀಲಗಳ ಬಗ್ಗೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಕೊಳ್ಳುವುದಾದರೆ ಹಿಂದಿನ ದಿನ ಒಳಗೆ ಟಿಶ್ಯೂ ಕಾಗದ ಇಟ್ಟು, ಮೇಲೊಂದು ಲೋಟದ ಭಾರ ಹೇರಿ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿದ್ದರೆ ಮಾತ್ರ ಫೋನು ಹಾಕಿ. ನನ್ನ ಸಲಹೆ ಕೇಳಿದರೆ ಫೋನು ಲಾಕರಿನಲ್ಲೇ ಇರಲಿ. ವೇವ್ ಪೂಲ್‌ನಲ್ಲಿ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ವಿಡಿಯೊ ಹಿಡಿದ ಅಪ್ಪನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಲಾಕರ್. ಇಡೀ ಕುಟುಂಬಕ್ಕೆ ಒಂದೇ ಸಾಕು, ಎರಡು ತೆಗೆದುಕೊಂಡರೆ ಬೇಕಾದ್ದು ಯಾವಾಗಲೂ ಇನ್ನೊಂದರಲ್ಲಿ ಇರುತ್ತದೆ. ಮನೆಯಿಂದಲೇ ಒಬ್ಬೊಬ್ಬರಿಗೆ ಒಂದೊಂದು ಬಟ್ಟೆಚೀಲ ಕಟ್ಟಿ: ಟವೆಲ್, ಒಳಉಡುಪು, ಒಣಬಟ್ಟೆ, ಜತೆಗೆ ಒದ್ದೆಯದನ್ನು ತುಂಬಲು ಖಾಲಿ ಪ್ಲಾಸ್ಟಿಕ್ ಕವರ್. ಹೀಗೆ ಮಾಡಿದರೆ ಸಂಜೆ ಬಟ್ಟೆ ಬದಲಿಸುವ ಕೋಣೆಯ ಗದ್ದಲದಲ್ಲಿ 'ಅಮ್ಮಾ, ನನ್ನ ಚಡ್ಡಿ ಎಲ್ಲಿ' ಎಂಬ ಕೂಗು ಕೇಳುವುದಿಲ್ಲ. ಕೀಲಿಯನ್ನು ಒಬ್ಬರೇ ಇಟ್ಟುಕೊಳ್ಳಿ, ಆ ಒಬ್ಬರು ಎತ್ತರದ ಜಾರುಬಂಡೆ ಹತ್ತದವರಾಗಿರಲಿ.

ಸನ್‌ಸ್ಕ್ರೀನನ್ನು ನೀರಿಗೆ ಇಳಿಯುವ ಅರ್ಧ ಗಂಟೆ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಎಲ್ಲರೂ ಮರೆಯುವುದು ಕಿವಿಯ ಮೇಲ್ತುದಿ, ಪಾದದ ಮೇಲ್ಭಾಗ. ನೀರಲ್ಲೇ ಇದ್ದೇವಲ್ಲ ಎಂದು ಕುಡಿಯುವುದನ್ನು ಮರೆತರೆ ಸಂಜೆ ತಲೆನೋವು ಗ್ಯಾರಂಟಿ.

ವೇವ್ ಪೂಲ್‌ನ ಬಗ್ಗೆ ಎರಡು ಮಾತು. ಅಲೆ ಹುಟ್ಟುವುದು ಆಳದ ತುದಿಯಲ್ಲಿ, ಮುರಿದು ಬೀಳುವುದು ಮೊಣಕಾಲುದ್ದದ ನೀರಿನಲ್ಲಿ. 'ಇಲ್ಲಿ ಆಳವಿಲ್ಲ' ಎಂದು ಪುಟ್ಟ ಮಕ್ಕಳನ್ನು ಅಲ್ಲಿ ಒಂಟಿಯಾಗಿ ಬಿಡುತ್ತಾರೆ, ಮಕ್ಕಳು ಬೀಳುವುದು ಅಲ್ಲೇ. ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಎರಡೂ ಕಂಕುಳ ಕೆಳಗೆ ಕೈ ಕೊಟ್ಟು, ಅಲೆ ಬಂದಾಗ ಮೇಲೆತ್ತಿ. ತೋಳಿಗೆ ಸಿಕ್ಕಿಸುವ ಗಾಳಿಬುರುಡೆಗಳು ಆಟಿಕೆ, ರಕ್ಷಣೆಯಲ್ಲ. ಜಾರುಬಂಡೆಗಳಲ್ಲಿ ಲೈಫ್‌ಗಾರ್ಡ್ ಹೇಳಿದಂತೆ ಕಾಲು ಕೂಡಿಸಿ, ಎದೆಗೆ ಕೈಕಟ್ಟಿ ಮಲಗಿ. ತಳ ಮುಟ್ಟಿದ ಕೂಡಲೇ ಎದ್ದು ಬದಿಗೆ ಸರಿಯಿರಿ, ಅಲ್ಲೇ ಕೂತು ನಗಬೇಡಿ, ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ. ಕೃತಕ ಮಳೆಯಲ್ಲಿ ನೆನೆಯುತ್ತಾ ಹಾಡಿಗೆ ಕುಣಿಯುವ ರೈನ್ ಡಿಸ್ಕೊವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಸುರಿಯುವುದು ಬೆಚ್ಚನೆಯ ನೀರು, ನಡುಗುವ ಮಕ್ಕಳು ಅಲ್ಲಿಂದ ಖುಷಿಯಾಗಿ ಹೊರಬರುತ್ತಾರೆ.

8. ಅಜ್ಜ ಅಜ್ಜಿಯನ್ನು ಬ್ಯಾಗು ಕಾಯಲು ಕೂರಿಸಬೇಡಿ

ಬೇರೆಲ್ಲವನ್ನೂ ಸರಿಯಾಗಿ ಮಾಡುವ ಮನೆಗಳೂ ಇಲ್ಲಿ ಎಡವುತ್ತವೆ. ಹದಿನಾಲ್ಕು ಜನ ಒಟ್ಟಿಗೆ ಬರುತ್ತಾರೆ, ಹದಿನಾಲ್ಕು ಜನವೂ ಒಟ್ಟಿಗೇ ಓಡಾಡಬೇಕು ಎನ್ನುತ್ತಾರೆ. ಒಬ್ಬರು ಶೌಚಾಲಯಕ್ಕೆ ಹೋದರೆ ಹದಿಮೂರು ಜನ ಬಿಸಿಲಲ್ಲಿ. ಗುಂಪು ಒಡೆಯಿರಿ. ಹರೆಯದವರು ಅವರ ಪಾಡಿಗೆ, ಚಿಕ್ಕ ಮಕ್ಕಳ ಜತೆ ಇಬ್ಬರು ದೊಡ್ಡವರು, ಹಿರಿಯರಿಗೆ ಅವರದೇ ಮೆಲ್ಲಗಿನ ಆಟಗಳ ಪಟ್ಟಿ, ಜತೆಗೊಬ್ಬ ಮೊಮ್ಮಗ. ಸೇರುವ ಜಾಗ ಮತ್ತು ಹೊತ್ತು ಮೊದಲೇ ಗೊತ್ತಿರಲಿ. 'ಗೇಟ್ ಹತ್ತಿರ' ಎನ್ನಬೇಡಿ, ಎಲ್ಲರೂ ಅದನ್ನೇ ಹೇಳಿರುತ್ತಾರೆ. ಇಂಥ ಹೋಟೆಲಿನ ಎಡಗಡೆಯ ಬೆಂಚು ಎಂದು ಹೇಳಿ. ಚಿಕ್ಕ ಮಕ್ಕಳ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಬೆಳಗ್ಗೆಯೇ ಒಂದು ಫೋಟೊ ತೆಗೆದಿಟ್ಟುಕೊಂಡರೆ ಅವತ್ತು ಯಾವ ಬಣ್ಣದ ಅಂಗಿ ಹಾಕಿತ್ತು ಎಂದು ಗಾಬರಿಯಲ್ಲಿ ನೆನಪಿಸಿಕೊಳ್ಳಬೇಕಾಗಿಲ್ಲ. ನೀರಿಗೆ ಇಳಿದ ಮೇಲೆ ಹೇಗೂ ಬಟ್ಟೆ ಬದಲಾಗಿರುತ್ತದೆ, ಆಗ ಇನ್ನೊಂದು ತೆಗೆದು ಫೋನನ್ನು ಲಾಕರಿಗೆ ಹಾಕಿ.

9. ಹೊರಡುವುದು

ವಾಟರ್ ರೈಡ್‌ಗಳು ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಶವರ್‌ಗೆ ನುಗ್ಗುತ್ತಾರೆ. ಅದಕ್ಕೆ ಅರ್ಧ ಗಂಟೆ ಮುಂಚೆ ನೀವು ಏಳಿ. ಮಕ್ಕಳು ಹಟ ಮಾಡುತ್ತಾರೆ, ಐಸ್‌ಕ್ರೀಮಿಗೆ ದುಡ್ಡು ತೆಗೆದಿಟ್ಟಿರಿ. ಒಣಬಟ್ಟೆ ತೊಟ್ಟ ಮೇಲೆ ಯಾರೇ ಕರೆದರೂ ನೀರಿನ ಕಡೆ ತಿರುಗಬೇಡಿ. ಭಾನುವಾರ ಸಂಜೆಯಾಗಿದ್ದರೆ ಮೈಸೂರು ಕಡೆಯಿಂದ ವಾಪಸಾಗುವ ವಾಹನಗಳೆಲ್ಲ ಕೆಂಗೇರಿಯಲ್ಲಿ ಗಂಟು ಬಿದ್ದಿರುತ್ತವೆ. ಆಗ ನಗರದ ಕಡೆ ಹೊರಡದೆ ಬಿಡದಿಗೆ ಹೋಗಿ ನಿಧಾನಕ್ಕೆ ತಿಂಡಿ ಮುಗಿಸಿ. ಬೆಳಗ್ಗೆ ಬೇಡವೆಂದ ವಡೆಯನ್ನು ಈಗ ತಿನ್ನಬಹುದು. ಮನೆ ಸೇರಿದ ಮೇಲೆ ಎಷ್ಟೇ ಸುಸ್ತಾಗಿದ್ದರೂ ನೈಲಾನ್ ಬಟ್ಟೆಯನ್ನು ಆ ರಾತ್ರಿಯೇ ಬರೀ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಹರವಿ. ಕ್ಲೋರಿನ್ ಕುಡಿದ ಬಟ್ಟೆ ಕವರಿನಲ್ಲೇ ಮುದುಡಿ ಬೆಳಗಾದರೆ ಬಣ್ಣವೂ ಹೋಗುತ್ತದೆ, ಎಲಾಸ್ಟಿಕ್ಕೂ ಸಡಿಲವಾಗುತ್ತದೆ.