ಟ್ವೀಡ್ ನದಿಗೆ ಸಾಲ್ಮನ್ ಹಿಡಿಯಲು ಹೊರಟವರಿಗೆ

ಅಕ್ಟೋಬರ್‌ನಲ್ಲಿ ಸ್ಕಾಟ್‌ಲ್ಯಾಂಡಿನ ಟ್ವೀಡ್ ನದಿಯಲ್ಲಿ ವಾರಕ್ಕೆ ಬೀಟ್ (ಮೀನು ಹಿಡಿಯಲು ಬಾಡಿಗೆಗೆ ಕೊಡುವ ನದಿಯ ಒಂದು ಭಾಗ) ಬುಕ್ ಮಾಡಿದ್ದೀರಾ? ವಾರ ಅಂದರೆ ಆರೇ ದಿನ, ಅಲ್ಲಿ ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ. ಸೀಸನ್ ನವೆಂಬರ್ 30ಕ್ಕೆ ಮುಗಿಯುತ್ತದೆ, ಈ ಕೊನೆಯ ತಿಂಗಳುಗಳಲ್ಲಿ ಫ್ಲೈ (ಗರಿ, ನೂಲು ಸುತ್ತಿದ ಗಾಳ) ಮಾತ್ರ.

ಎಲ್ಲಕ್ಕಿಂತ ಮುಖ್ಯ ನೀರಿನ ಮಟ್ಟ. ಮಳೆ ಬಂದು ನೀರು ಏರುವಾಗ ಉದುರಿದ ಎಲೆ, ಕಸ ಎಲ್ಲಾ ತೇಲಿ ಬಂದು ಗಾಳಕ್ಕೆ ಸಿಕ್ಕಿಕೊಳ್ಳುತ್ತದೆ, ಸುಮ್ನೆ ಕೈ ನೋವು. ನೀರು ಇಳಿಯಲು ಶುರುವಾಗಿ, ಕೆಸರು ತಿಳಿಯಾಗುತ್ತಾ ಬರುವ ಹೊತ್ತಿದೆಯಲ್ಲ, ಅದನ್ನು ಮಾತ್ರ ಊಟಕ್ಕೂ ಬಿಟ್ಟುಕೊಡಬೇಡಿ. ಬೋಟ್‌ಮ್ಯಾನ್ (ಬೀಟ್‌ನಲ್ಲಿ ಜೊತೆಗಿರುವ ಮಾರ್ಗದರ್ಶಿ) ಹೇಳಿದ ಜಾಗದಲ್ಲೇ ಇಳಿಯಿರಿ, ಮೀನು ಎಲ್ಲಿ ತಂಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಪ್ರತಿ ಸಲ ಫ್ಲೈ ಎಸೆದ ಮೇಲೆ ಒಂದೆರಡು ಹೆಜ್ಜೆ ನೀರು ಹರಿಯುವ ಕಡೆಗೆ ಸರಿಯುತ್ತಾ ಹೋಗಿ.

ನದಿಗೆ ಬಂದ ಸಾಲ್ಮನ್ ಹೊಟ್ಟೆಗೇನೂ ತಿನ್ನುವುದಿಲ್ಲ, ಆದರೂ ಫ್ಲೈ ಕಚ್ಚುತ್ತದೆ. ಜಗ್ಗಿದ ತಕ್ಷಣ ರಾಡ್ ಎತ್ತಬೇಡಿ, ಮೀನು ತಿರುಗಿ ದಾರ ಬಿಗಿಯಾಗಲಿ.

ಕೆಂಪಾದ ಮೀನು ಮೊಟ್ಟೆಯಿಡಲು ಹೊರಟಿರುವುದು, ಅದನ್ನು ಬಿಟ್ಟುಬಿಡಿ. ನೀರಿನಿಂದ ಮೇಲೆತ್ತಬೇಡಿ, ತಲೆ ಹರಿವಿಗೆ ಎದುರಾಗಿ ಇರುವಂತೆ ಮೆಲ್ಲಗೆ ಹಿಡಿದು, ತಾನಾಗೇ ಈಜಿ ಹೋಗುವ ತನಕ ಕಾಯಿರಿ.

ಲೈಫ್ ಜಾಕೆಟ್ ಹಾಕದೆ ಮಾತ್ರ ನೀರಿಗಿಳಿಯಬೇಡಿ.