ಕಥೆಯ ಸಂಭಾಷಣೆಯನ್ನು ತಿದ್ದುವ ಬಗೆ

ಮೊದಲ ಕರಡನ್ನು ಒಂದು ವಾರವಾದರೂ ಮುಟ್ಟದೆ ಇಟ್ಟು, ಆಮೇಲೆ ಸಂಭಾಷಣೆಗಳನ್ನಷ್ಟೇ ಗಟ್ಟಿಯಾಗಿ ಓದಿಕೊಳ್ಳಬೇಕು. ನಾಲಿಗೆ ತೊಡರಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದರೆ ಸಾಕು, ಅಲ್ಲೇ ತಿದ್ದಲು ಕೂರಬಾರದು. ನಿರೂಪಣೆಯಲ್ಲಿ ‘ಹೋಗುತ್ತೇನೆ’ ಎಂಬ ಗ್ರಾಂಥಿಕ ರೂಪ ಸಲ್ಲುತ್ತದೆಯಾದರೂ, ಮೈಸೂರಿನ ಹುಡುಗ ‘ಹೋಗ್ತೀನಿ’ ಎಂದೂ, ಧಾರವಾಡದ ಮುದುಕಿ ‘ನಾ ಹೊಂಟೇನಿ’ ಎಂದೂ, ಕುಂದಾಪುರದವನು ‘ಹೋತೆ’ ಎಂದೂ ಹೇಳದಿದ್ದರೆ ಮೂವರೂ ಒಂದೇ ಮನೆಯವರಂತೆ ಕೇಳಿಸುತ್ತಾರೆ. ಹಾಗೆಂದು ಪ್ರತಿ ಪದವನ್ನೂ ಆಡುನುಡಿಗೆ ತಿರುಗಿಸುವ ಹಟ ಬೇಡ (ಹಾಗೆ ಮಾಡಿ ನಾನೂ ಒಮ್ಮೆ ನಗೆಪಾಟಲಾಗಿದ್ದೇನೆ): ಕ್ರಿಯಾಪದ ಮತ್ತು ಸಂಬೋಧನೆ ಊರನ್ನು ಹೇಳಿದರೆ ಉಳಿದುದನ್ನು ಓದುಗರೇ ಕೇಳಿಸಿಕೊಳ್ಳುತ್ತಾರೆ. ‘ಕೋಪದಿಂದ ಹೇಳಿದನು’ ಎಂದಿರುವಲ್ಲಿ ಅದನ್ನು ಹೊಡೆದುಹಾಕಿ, ಲೋಟವನ್ನು ಕುಕ್ಕಿ ಇಟ್ಟ ಸದ್ದನ್ನು ಬರೆಯಬಹುದು. ಪತ್ರಿಕೆಗೆ ಕಳುಹಿಸುವ ಮುನ್ನ ಆ ಸೀಮೆಯವರೊಬ್ಬರಿಂದ ಓದಿಸಿ ಕೇಳುವುದು ಒಳ್ಳೆಯದು.