ಟ್ರೌಟ್ ಮೀನಿಗೊಂದು ಜೇಡ ಕಟ್ಟುವುದು ಹೇಗೆ?

ಬೇಸಿಗೆಯಲ್ಲಿ ಗಾಳಿ ಜೋರಾದರೆ ದಡದ ಹುಲ್ಲಿನಿಂದ ಜೇಡಗಳು ಹೊಳೆಗೆ ಬೀಳುತ್ತವೆ. ಟ್ರೌಟ್ ಮೀನು ಆ ನೆರಳಲ್ಲೇ ಕಾದಿರುತ್ತದೆ. ಗಾಳಕ್ಕೆ ದಾರ, ಪುಕ್ಕ ಕಟ್ಟಿ ಮಾಡುವ ನಕಲಿ ಹುಳುವಿಗೆ ‘ಫ್ಲೈ’ ಎನ್ನುತ್ತಾರೆ. ಬೇರೆ ಫ್ಲೈಗಳನ್ನು ತಿರುಗಿಯೂ ನೋಡದ ಮೀನು ಜೇಡಕ್ಕೆ ಬಾಯಿ ಹಾಕುವುದುಂಟು.

ಹೆಸರಿನ ಗೊಂದಲ ಒಂದಿದೆ. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ‘ಸ್ಪೈಡರ್’ ಎಂಬ ಹಳೆಯ ಫ್ಲೈಗಳಿವೆ. ‘ಪಾರ್ಟ್ರಿಜ್ ಅಂಡ್ ಆರೆಂಜ್’ ಅದರಲ್ಲೊಂದು. ರೇಷ್ಮೆ ದಾರದ ಮೈ, ಕೊರಳಿಗೆ ಒಂದೆರಡು ಸುತ್ತು ಮೆತ್ತನೆ ಪುಕ್ಕ, ಅಷ್ಟೇ. ಅವು ಹೆಸರಿಗಷ್ಟೇ ಜೇಡ, ಹೋಲುವುದು ನೀರಿನ ಹುಳುಗಳನ್ನು. ನಾವು ಕಟ್ಟುವುದು ನಿಜವಾದ ಎಂಟು ಕಾಲಿನ ಜೇಡವನ್ನು. ಬಲೆ ನೇಯದೆ ಹೊಳೆದಂಡೆಯ ಕಲ್ಲುಗಳ ಮೇಲೆ ಓಡಿ ಬೇಟೆಯಾಡುವ ಕಂದು ಬಣ್ಣದ ತೋಳ ಜೇಡ.

ದಾರ ಮುಟ್ಟುವ ಮೊದಲು ಒಂದು ಜೇಡವನ್ನು ಹತ್ತಿರದಿಂದ ನೋಡಿ. ಮೈಯಲ್ಲಿ ಎರಡೇ ಭಾಗ, ನಡುವೆ ಸಣ್ಣ ಸೊಂಟ. ಎಂಟೂ ಕಾಲು ಹೊರಡುವುದು ಮುಂದಿನ ಭಾಗದಿಂದ, ಹೊಟ್ಟೆಯಿಂದ ಒಂದೂ ಇಲ್ಲ. ತೋಳ ಜೇಡಕ್ಕೆ ಹಿಂದಿನ ಜೋಡಿ ಎಲ್ಲಕ್ಕಿಂತ ಉದ್ದ, ಮೂರನೆಯ ಜೋಡಿ ಗಿಡ್ಡ. ಮೀನು ನೋಡುವುದು ಕೆಳಗಿನಿಂದ ಅಲ್ವಾ? ಹಾಗಾಗಿ ತಲೆಯ ಮೇಲೆ ಎಂಟು ಕಣ್ಣು ಬರೆಯುತ್ತ ಕೂರಬೇಡಿ. ಸೊಂಟ, ಕಾಲು ಸರಿ ಬಂದರೆ ಜೇಡ ಬಂದಂತೆ.

ಬೇಕಾದದ್ದು: 10ನೇ ನಂಬರಿನ ಡ್ರೈ ಫ್ಲೈ (ನೀರಿನ ಮೇಲೆ ತೇಲುವ ಫ್ಲೈ) ಗಾಳ, ವೈಸ್ (ಗಾಳವನ್ನು ಅಲುಗದಂತೆ ಕಚ್ಚಿ ಹಿಡಿಯುವ ಸಾಧನ), ತೆಳು ಕಂದು ದಾರ, ಸ್ಟೇಷನರಿ ಅಂಗಡಿಯ 2 ಮಿ.ಮೀ. ದಪ್ಪದ ಕಂದು ಫೋಮ್ ಶೀಟ್, ಸಣ್ಣ ರಬ್ಬರ್ ಎಳೆ, ಸ್ವಲ್ಪ ಕಂದು ತುಪ್ಪಳ, ಅಂಟು.

ಮೊದಲು ಕಾಲು ಮಾಡಿಟ್ಟುಕೊಳ್ಳಿ. ನಾಲ್ಕು ಎಳೆ ಸಾಕು, ಒಂದೊಂದು ಎಳೆಯ ಎರಡು ತುದಿ ಎರಡು ಕಾಲಾಗುತ್ತದೆ. ಎರಡೂ ಬದಿಗೆ ಒಂದೊಂದು ಸಾದಾ ಗಂಟು ಹಾಕಬೇಕು, ಅದೇ ಮೊಣಕಾಲು. ಗಂಟು ಬಿಗಿಯುವ ಮುಂಚೆ ಕುಣಿಕೆಯೊಳಗೆ ಸೂಜಿ ತೂರಿಸಿ. ಸೂಜಿಯಿಂದಲೇ ಗಂಟನ್ನು ಬೇಕಾದ ಕಡೆಗೆ ಜರುಗಿಸಿ, ಆಮೇಲೆ ಎಳೆಯಿರಿ. ರಬ್ಬರ್ ಅಲ್ಲೇ ಮಡಿಸಿದ ಹಾಗೆ ನಿಲ್ಲುತ್ತದೆ. ಸೂಜಿಮೊನೆಯಷ್ಟು ಅಂಟು ಮುಟ್ಟಿಸಿದರೆ ಬಿಚ್ಚುವುದಿಲ್ಲ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಅವಸರ ಮಾಡಬೇಡಿ.

ಈಗ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ವೈಸಿಗೆ ಕಚ್ಚಿಸಿ. ಗಾಳದ ನೇರ ಭಾಗವಾದ ಕಡ್ಡಿಯ ಉದ್ದಕ್ಕೂ ದಾರ ಸುತ್ತಿ, ಒಂದು ಹನಿ ಅಂಟು ಸವರಿ. ಇಲ್ಲದಿದ್ದರೆ ಫೋಮ್ ಗಿರಗಿರ ತಿರುಗುತ್ತದೆ.

5 ಮಿ.ಮೀ. ಅಗಲದ ಫೋಮ್ ಪಟ್ಟಿಯ ತುದಿಯನ್ನು ಚೂಪಾಗಿ ಕತ್ತರಿಸಿ ಗಾಳದ ಬಾಗಿನ ಹತ್ತಿರ ಕಟ್ಟಿ. ಉಳಿದ ಪಟ್ಟಿ ಹಿಂದಕ್ಕೆ ಚಾಚಿರಲಿ. ದಾರಕ್ಕೆ ತುಪ್ಪಳ ಹೊಸೆದು ಕಡ್ಡಿಯ ಅರ್ಧಕ್ಕಿಂತ ತುಸು ಮುಂದಿನವರೆಗೆ ದಪ್ಪಗೆ ಸುತ್ತಿ. ಪಟ್ಟಿಯನ್ನು ಅದರ ಮೇಲೆ ಮುಂದಕ್ಕೆ ಮಡಚಿ ಕಟ್ಟಿದರೆ ದುಂಡನೆ ಹೊಟ್ಟೆ. ಮೊದಲ ಎರಡು ಸುತ್ತು ಸಡಿಲ, ಆಮೇಲೆ ಬಿಗಿ. ಒಮ್ಮೆಲೇ ಎಳೆದರೆ ದಾರ ಫೋಮನ್ನು ಕೊಯ್ಯುತ್ತದೆ. ಹೊಟ್ಟೆಯ ಮೇಲೂ ಫೋಮನ್ನು ಬಿಗಿಯಾಗಿ ಎಳೆಯಬೇಡಿ. ಹಿಸುಕಿದ ಫೋಮ್ ಸರಿಯಾಗಿ ತೇಲುವುದಿಲ್ಲ.

ಕಟ್ಟಿದ ಜಾಗವೇ ಸೊಂಟ. ಅಲ್ಲಿಂದ ಮುಂದಕ್ಕೆ ನಾಲ್ಕು ಎಳೆಗಳನ್ನೂ ನಡುಮಧ್ಯಕ್ಕೆ ಅಡ್ಡಡ್ಡ ಸುತ್ತಿನಿಂದ ಕಟ್ಟುತ್ತ ಬನ್ನಿ, ನಡುವೆ ಚೂರು ತುಪ್ಪಳ. ಎರಡು ಜೋಡಿ ಹಿಂದಕ್ಕೆ, ಎರಡು ಮುಂದಕ್ಕೆ ಹರಡಿರಲಿ. ಉಳಿದ ಫೋಮನ್ನು ಅವುಗಳ ಮೇಲೆ ಮಡಚಿ ಗಾಳದ ಕಣ್ಣಿನ (ತುದಿಯ ಉಂಗುರದ) ಹಿಂದೆ ಕಟ್ಟಿ, ಹೆಚ್ಚಾದದ್ದನ್ನು ಕತ್ತರಿಸಿ, ದಾರದ ತುದಿಯನ್ನು ಅದರದೇ ಸುತ್ತುಗಳಡಿ ಸಿಕ್ಕಿಸುವ ವಿಪ್ ಫಿನಿಶ್ ಗಂಟು ಹಾಕಿ. ಕೊನೆಗೆ ಕಾಲು ಕತ್ತರಿಸಿ: ಹಿಂದಿನವು ಅಂದಾಜು 15 ಮಿ.ಮೀ., ಮೂರನೆಯವು 10, ಉಳಿದವು ನಡುವಿನ ಅಳತೆ.

ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಜೇಡವನ್ನು ಬಿಡಿ. ಲೋಟ ಎತ್ತಿ ತಳದಿಂದ ನೋಡಿ. ಕಾಲುಗಳು ನೀರಿನ ಮೇಲ್ಮೈಯನ್ನು ಒತ್ತಿದ ಕಡೆ ಸಣ್ಣ ಗುಳಿ ಕಾಣಬೇಕು. ಮೀನಿಗೂ ಕಾಣುವುದು ಅದೇ. ಕಾಲು ಮೇಲಕ್ಕೆ ನಿಗುರಿದ್ದರೆ ಬೆರಳಿನಿಂದ ಕೆಳಕ್ಕೆ ಬಗ್ಗಿಸಿ.

ನಮ್ಮಲ್ಲಿ ಇದನ್ನು ಹಿಮಾಚಲದ ತೀರ್ಥನ್‌ನಂಥ ಟ್ರೌಟ್ ಹೊಳೆಯಲ್ಲಿ ಪ್ರಯತ್ನಿಸಬಹುದು, ಲೈಸೆನ್ಸ್ ಮಾಡಿಸಿಕೊಂಡೇ ಹೋಗಿ. ಹುಲ್ಲು ಬಾಗಿದ ದಡದ ಪಕ್ಕಕ್ಕೇ ಎಸೆಯಿರಿ. ಬಿದ್ದ ಮೇಲೆ ಸುಮ್ನೆ ತೇಲಲು ಬಿಡಿ. ಮೀನು ಬರದಿದ್ದರೆ ಮಾತ್ರ ದಾರವನ್ನು ಕೂದಲೆಳೆಯಷ್ಟು ಮಿಡಿಯಿರಿ, ಕಾಲು ಅಲುಗಿದರೆ ಸಾಕು.